ಅರ್ಜಿಗೂ ಮುನ್ನವೇ ಎಳೆದ ಗೆರೆಗಳು

ಅಮೆರಿಕದಲ್ಲಿ ಡಾಕ್ಟರಾಗಲು ಹೊರಟವರು ಪ್ರತಿ ಬೇಸಿಗೆಯ ಆರಂಭದಲ್ಲಿ ಒಂದು ಪಟ್ಟಿ ಬರೆಯಲು ಕೂರುತ್ತಾರೆ. ನಾಲ್ಕು ವರ್ಷದ ಪದವಿ ಮುಗಿಯುತ್ತ ಬಂದಿರುತ್ತದೆ, ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕ ಕೈಯಲ್ಲಿರುತ್ತದೆ. ಇನ್ನು ದೇಶದ 150ಕ್ಕೂ ಹೆಚ್ಚು ಎಂ.ಡಿ. ಕಾಲೇಜುಗಳಲ್ಲಿ ಯಾವುದಕ್ಕೆ ಅರ್ಜಿ ಹಾಕುವುದು, ಯಾವುದನ್ನು ಬಿಡುವುದು ಎಂಬ ಲೆಕ್ಕ ಶುರುವಾಗುತ್ತದೆ. ಈಗ ಒಬ್ಬೊಬ್ಬರು ಸರಾಸರಿ ಹದಿನೈದಕ್ಕೂ ಮಿಕ್ಕಿ ಕಾಲೇಜುಗಳಿಗೆ ಬರೆಯುತ್ತಾರೆ. ಕನಸಿನ ಕಾಲೇಜುಗಳು ಇಷ್ಟು, ತಕ್ಕುದಾದವು ಇಷ್ಟು, ಕೈಬಿಡಲಾರದಂಥವು ಇಷ್ಟು ಎಂದು ಪಾಲು ಹಾಕಿಕೊಡುವ ಸಲಹೆಗಾರರಿದ್ದಾರೆ. ಅದಕ್ಕೆ ಸಾವಿರಾರು ಡಾಲರ್ ಶುಲ್ಕ ಪಡೆಯುವವರೂ ಇದ್ದಾರೆ. ಈ ವಹಿವಾಟೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಪಟ್ಟಿ ವಿದ್ಯಾರ್ಥಿಯದು, ಜಾಣತನದಿಂದ ಆರಿಸಿದವರಿಗೆ ಸೀಟು. ಕಳೆದ ನೂರೈವತ್ತು ವರ್ಷಗಳ ದಾಖಲೆಯನ್ನು ನೋಡಿದರೆ ಈ ನಂಬಿಕೆ ಅಷ್ಟಾಗಿ ನಿಲ್ಲುವುದಿಲ್ಲ. ಪಟ್ಟಿಯ ಬಹುಪಾಲನ್ನು ವಿದ್ಯಾರ್ಥಿ ಹುಟ್ಟುವ ಮೊದಲೇ ಬೇರೆಯವರು ಬರೆದಿಟ್ಟಿದ್ದಾರೆ. ಯಾವ ಊರಿನವರು, ಯಾವ ಬಣ್ಣದವರು, ಗಂಡೋ ಹೆಣ್ಣೋ, ಅಪ್ಪ ಯಾವ ರಾಜ್ಯಕ್ಕೆ ತೆರಿಗೆ ಕಟ್ಟುತ್ತಾನೆ ಎಂಬ ಹಳೆಯ ಗೆರೆಗಳು ಅಲ್ಲಿ ಇನ್ನೂ ಅಳಿಸಿಹೋಗಿಲ್ಲ. ಹತ್ತಾರು ಕಡೆ ಅರ್ಜಿ ಹಾಕುವ ಪದ್ಧತಿಯನ್ನು ಮೊದಲು ರೂಢಿಸಿಕೊಂಡವರೂ ಬಾಗಿಲು ಮುಚ್ಚಿಸಿಕೊಂಡವರೇ. ಅವರ ದಾರಿ ಮುಂದೆ ಎಲ್ಲರ ದಾರಿಯಾಯಿತು.

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಈ ಪ್ರಶ್ನೆಯೇ ಇರಲಿಲ್ಲ. ಆಗ ಕಾಲೇಜುಗಳೇ ವಿದ್ಯಾರ್ಥಿಯನ್ನು ಹುಡುಕಿಕೊಂಡು ಬರುತ್ತಿದ್ದವು. 1765ರಲ್ಲಿ ಫಿಲಡೆಲ್ಫಿಯಾದಲ್ಲಿ ಜಾನ್ ಮಾರ್ಗನ್ ಮೊದಲ ವೈದ್ಯಕೀಯ ಶಾಲೆಯನ್ನು ಆರಂಭಿಸಿದಾಗ ಎಡಿನ್‌ಬರೋದ ಮಾದರಿ ಅವನ ಕಣ್ಣ ಮುಂದಿತ್ತು. ಆದರೆ ಮುಂದಿನ ನೂರು ವರ್ಷಗಳಲ್ಲಿ ದೇಶದ ತುಂಬ ತಲೆಯೆತ್ತಿದ್ದು ಬೇರೆಯದೇ ಬಗೆಯ ಶಾಲೆ. ಊರಿನ ನಾಲ್ಕಾರು ವೈದ್ಯರು ಸೇರಿ ಒಂದು ಮಹಡಿ ಬಾಡಿಗೆಗೆ ಹಿಡಿಯುತ್ತಿದ್ದರು. ಪ್ರತಿಯೊಬ್ಬ ಪ್ರಾಧ್ಯಾಪಕ ತನ್ನ ಉಪನ್ಯಾಸಮಾಲೆಗೆ ಟಿಕೆಟ್ ಮಾರುತ್ತಿದ್ದ, ಟಿಕೆಟ್ ಹಣ ನೇರವಾಗಿ ಅವನ ಜೇಬಿಗೆ. ಚಳಿಗಾಲದ ಕೆಲವು ತಿಂಗಳು ಪಾಠ, ಮರುವರ್ಷ ಬಹುಪಾಲು ಅದೇ ಪಾಠ ಮತ್ತೊಮ್ಮೆ, ಜೊತೆಗೆ ಯಾರಾದರೂ ವೈದ್ಯನ ಬಳಿ ಶಿಷ್ಯವೃತ್ತಿ. ಅಲ್ಲಿಗೆ ಪದವಿ ಸಿಕ್ಕಿತು. ಹೈಸ್ಕೂಲು ಮುಗಿಸಿರಬೇಕೆಂಬ ನಿಯಮವೂ ಹೆಚ್ಚಿನ ಕಡೆ ಇರಲಿಲ್ಲ. ವಿದ್ಯಾರ್ಥಿ ನೋಡುತ್ತಿದ್ದದ್ದು ಎರಡೇ ಸಂಗತಿ: ಮನೆಯಿಂದ ಎಷ್ಟು ದೂರ, ಟಿಕೆಟ್ ಎಷ್ಟು. ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ 1870ರ ಆಸುಪಾಸಿನಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಲಿಖಿತ ಪರೀಕ್ಷೆ ಇಡಬೇಕೆಂದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸರಿಯಾಗಿ ಬರೆಯಲು ಬರುವುದಿಲ್ಲವಲ್ಲ ಎಂದು ಹಿರಿಯ ಶಸ್ತ್ರವೈದ್ಯ ಹೆನ್ರಿ ಬಿಗೆಲೋ ತಕರಾರು ತೆಗೆದಿದ್ದ. ಇದು ಹಾರ್ವರ್ಡ್‌ನ ಸ್ಥಿತಿ. ಉಳಿದವುಗಳ ಮಾತು ಬಿಡಿ.

ಇಷ್ಟು ಅಗ್ಗವಾಗಿ ತೆರೆದಿದ್ದ ಬಾಗಿಲೂ ಕೆಲವರಿಗೆ ತೆರೆದಿರಲಿಲ್ಲ. ಎಲಿಜಬೆತ್ ಬ್ಲ್ಯಾಕ್‌ವೆಲ್ 1847ರಲ್ಲಿ ಫಿಲಡೆಲ್ಫಿಯಾ, ನ್ಯೂಯಾರ್ಕ್‌ನ ದೊಡ್ಡ ಶಾಲೆಗಳಿಂದ ಹಿಡಿದು ಹಳ್ಳಿಗಾಡಿನ ಸಣ್ಣ ಶಾಲೆಗಳವರೆಗೆ ಹತ್ತಾರು ಕಡೆ ಬರೆದಳು. ಎಲ್ಲ ಕಡೆಯಿಂದಲೂ ಇಲ್ಲವೆಂಬ ಉತ್ತರವೇ ಬಂತು. ಕೊನೆಗೆ ನ್ಯೂಯಾರ್ಕ್ ರಾಜ್ಯದ ಜಿನೀವಾ ಮೆಡಿಕಲ್ ಕಾಲೇಜಿನ ಅಧ್ಯಾಪಕರು ನಿರ್ಧಾರವನ್ನು ವಿದ್ಯಾರ್ಥಿಗಳ ಮತಕ್ಕೆ ಬಿಟ್ಟರು. ಹುಡುಗರು ಅದನ್ನು ತಮಾಷೆ ಎಂದುಕೊಂಡು ಕೈಯೆತ್ತಿದರು. ಹಾಗೆ ಒಳಬಂದ ಆಕೆ 1849ರಲ್ಲಿ ಪದವಿ ಪಡೆದಳು. ವೈದ್ಯಶಾಲೆ ಸೇರಲು ಸಿದ್ಧವಾಗುವ ಇಂದಿನ ಪ್ರಿಮೆಡ್ ವಿದ್ಯಾರ್ಥಿಯ ಉದ್ದನೆಯ ಪಟ್ಟಿಗೆ ಮೂಲ ಹುಡುಕುವವರು ಇಲ್ಲಿಂದಲೇ ಆರಂಭಿಸಬಹುದು: ಅದೇ ಕಾಲದ ಗಂಡಸರು ಒಂದು ಶಾಲೆಗೆ ನಡೆದುಹೋಗಿ ಟಿಕೆಟ್ ಕೊಂಡರೆ ಸಾಕಿತ್ತು. ಹೆಂಗಸರಿಗೆ ದಾರಿ ಸಿಕ್ಕಿದ್ದು ಅವರಿಗೆಂದೇ ಕಟ್ಟಿದ ಶಾಲೆಗಳಲ್ಲಿ. 1850ರಲ್ಲಿ ಹುಟ್ಟಿದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ 1883ರಲ್ಲಿ ಆನಂದಿಬಾಯಿ ಜೋಶಿ ಹಡಗು ಹತ್ತಿ ಹೋದದ್ದು, 1886ರಲ್ಲಿ ಪದವಿ ಪಡೆದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆಕೆಯ ಮುಂದೆ ಅಮೆರಿಕದ ಅಷ್ಟೂ ಕಾಲೇಜುಗಳು ಸಾಲಾಗಿ ನಿಂತಿರಲಿಲ್ಲ ಎಂಬುದನ್ನು ಮಾತ್ರ ಆ ಕಥೆ ಹೇಳುವವರು ಮರೆಯುತ್ತಾರೆ.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಈ ಇತಿಹಾಸದ ತಿರುವು. ಅಲ್ಲಿ ನಡೆದದ್ದರಲ್ಲಿ ಒಂದು ವಿಚಿತ್ರ ವ್ಯಂಗ್ಯವಿದೆ. ಆಸ್ಪತ್ರೆ 1889ರಲ್ಲೇ ಸಿದ್ಧವಾಗಿತ್ತು, ಆದರೆ ವೈದ್ಯಶಾಲೆಗೆ ದುಡ್ಡಿರಲಿಲ್ಲ. ದತ್ತಿಯ ಹಣ ಬಾಲ್ಟಿಮೋರ್ ಅಂಡ್ ಓಹಾಯೋ ರೈಲ್ವೆಯ ಷೇರುಗಳಲ್ಲಿ ಸಿಲುಕಿತ್ತು. ಅದೇ ರೈಲ್ವೆಯ ಅಧ್ಯಕ್ಷನಾಗಿದ್ದವನ ಮಗಳು ಮೇರಿ ಎಲಿಜಬೆತ್ ಗ್ಯಾರೆಟ್ ಗೆಳತಿಯರೊಂದಿಗೆ ನಿಧಿ ಕೂಡಿಸಿದಳು, ಕೊರತೆ ಬಿದ್ದ ದೊಡ್ಡ ಮೊತ್ತವನ್ನು ತಾನೇ ತುಂಬಿದಳು. ಹಣದ ಹಿಂದೆ ಎರಡು ಷರತ್ತುಗಳಿದ್ದವು. ಹೆಂಗಸರನ್ನು ಗಂಡಸರ ಸಮಕ್ಕೆ ಸೇರಿಸಿಕೊಳ್ಳಬೇಕು. ಸೇರುವವರೆಲ್ಲರೂ ಪದವೀಧರರಾಗಿರಬೇಕು, ವಿಜ್ಞಾನವನ್ನೂ ಫ್ರೆಂಚ್, ಜರ್ಮನ್ ಭಾಷೆಗಳನ್ನೂ ಬಲ್ಲವರಾಗಿರಬೇಕು. 1893ರಲ್ಲಿ ಶಾಲೆ ತೆರೆಯಿತು. ತಾವು ಪ್ರಾಧ್ಯಾಪಕರಾಗಿ ಒಳಬಂದದ್ದು ಪುಣ್ಯ, ವಿದ್ಯಾರ್ಥಿಗಳಾಗಿ ಬರಲು ಆಗುತ್ತಿರಲಿಲ್ಲ ಎಂದು ವಿಲಿಯಂ ಆಸ್ಲರ್ ಸಹೋದ್ಯೋಗಿ ವೆಲ್ಚ್ ಬಳಿ ನಗೆಯಾಡಿದನಂತೆ. ಮೊದಲು ಪದವಿ, ಆಮೇಲೆ ವೈದ್ಯಶಾಲೆ ಎಂಬ ಅಮೆರಿಕದ ಕ್ರಮ, ಅಂದರೆ ಪ್ರಿಮೆಡ್ ಎಂಬ ಜೀವಿಯೇ, ಹೀಗೆ ಒಬ್ಬ ಹೆಣ್ಣುಮಗಳ ಷರತ್ತಿನಿಂದ ಬಲ ಪಡೆಯಿತು. ಹದಿನೇಳು ವರ್ಷಗಳ ನಂತರ ಇದೇ ಹಾಪ್ಕಿನ್ಸ್ ಅಳತೆಗೋಲಾಗಿ ದೇಶದ ಉಳಿದ ಶಾಲೆಗಳನ್ನು ಅಳೆದಾಗ, ಮೊದಲು ಮುಚ್ಚಿಹೋದವುಗಳಲ್ಲಿ ಹೆಂಗಸರ ಶಾಲೆಗಳೂ ಇದ್ದವು.

ಅಳೆದವನು ಅಬ್ರಹಾಂ ಫ್ಲೆಕ್ಸ್‌ನರ್. ವೈದ್ಯನಲ್ಲ, ಲೂಯಿವಿಲ್‌ನಲ್ಲಿ ಶಾಲೆ ನಡೆಸಿದ್ದ ಮೇಷ್ಟರು, ಹಾಪ್ಕಿನ್ಸ್‌ನಲ್ಲೇ ಪದವಿ ಓದಿದವನು. ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಅಮೆರಿಕ ಮತ್ತು ಕೆನಡಾದ 155 ಶಾಲೆಗಳನ್ನು ಸುತ್ತಿ 1910ರಲ್ಲಿ ಅವನು ಪ್ರಕಟಿಸಿದ ವರದಿ ಓದಲು ಇಂದಿಗೂ ಚುರುಕಾಗಿದೆ. ಶಿಕಾಗೋ ನಗರವೊಂದರಲ್ಲೇ 14 ಶಾಲೆಗಳಿದ್ದವು. ಅದನ್ನು ದೇಶದ ಪಿಡುಗಿನ ತಾಣವೆಂದು ಕರೆಯಲು ಅವನು ಹಿಂಜರಿಯಲಿಲ್ಲ. ಪ್ರಯೋಗಾಲಯದಲ್ಲಿ ಧೂಳು, ಶವಚ್ಛೇದನದ ಕೋಣೆಯಲ್ಲಿ ನಾತ, ಹೆಸರಿಗಷ್ಟೇ ಆಸ್ಪತ್ರೆ: ಇಂಥವನ್ನು ಊರು, ಹೆಸರು ಸಮೇತ ಬರೆದ. ಅವನ ಸಲಹೆ 31 ಶಾಲೆಗಳು ಸಾಕು ಎಂಬುದಾಗಿತ್ತು. ಅಷ್ಟಕ್ಕೆ ಇಳಿಯಲಿಲ್ಲವಾದರೂ 1920ರ ದಶಕದ ಆರಂಭಕ್ಕೆ ಅಮೆರಿಕದಲ್ಲಿ ಉಳಿದದ್ದು ಸುಮಾರು 80. ಶಾಲೆಗಳನ್ನು ಮುಚ್ಚಿಸಿದ್ದು ಫ್ಲೆಕ್ಸ್‌ನರ್ ಒಬ್ಬನೇ ಅಲ್ಲ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ಶಿಕ್ಷಣ ಮಂಡಳಿಯ ಮೂಲಕ 1906ರಿಂದಲೇ ಶಾಲೆಗಳನ್ನು ಪರಿಶೀಲಿಸತೊಡಗಿತ್ತು, ರಾಜ್ಯಗಳ ಲೈಸೆನ್ಸ್ ಮಂಡಳಿಗಳು ಕೀಳು ದರ್ಜೆಯ ಶಾಲೆಯ ಪದವೀಧರರನ್ನು ಒಪ್ಪದೆ ಹೋದವು, ಪ್ರಯೋಗಾಲಯದ ಖರ್ಚು ಟಿಕೆಟ್ ಹಣದಿಂದ ಹುಟ್ಟದಾಯಿತು. ವರದಿ ಆ ಹೊಡೆತಕ್ಕೆ ವೇಗ ಕೊಟ್ಟಿತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಕೆಟ್ಟ ಶಾಲೆಗಳ ನಡುವಿನ ಆಯ್ಕೆ ಆಯ್ಕೆಯೇ ಅಲ್ಲ; ಅವು ಮುಚ್ಚಿದ್ದರಿಂದ ರೋಗಿಗಳು ಬದುಕಿಕೊಂಡರು; ವಿದ್ಯಾರ್ಥಿಯ ಪಟ್ಟಿ ಚಿಕ್ಕದಾಯಿತೆಂದು ಅಳುವುದೇಕೆ? ಆಕ್ಷೇಪದ ಮೊದಲರ್ಧವನ್ನು ಪೂರ್ತಿ ಒಪ್ಪಬೇಕು. ಹೆಣವನ್ನೇ ನೋಡದೆ ಶರೀರರಚನೆ ಕಲಿತ ಡಾಕ್ಟರನಿಗಾಗಿ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ಆದರೆ ಯಾರ ಪಟ್ಟಿ ಎಷ್ಟು ಚಿಕ್ಕದಾಯಿತು ಎಂದು ಕೇಳಿದರೆ ಲೆಕ್ಕ ಸಮನಾಗಿ ಬರುವುದಿಲ್ಲ. ಕಪ್ಪು ಜನರಿಗಾಗಿ ಆಗ ಏಳು ವೈದ್ಯಶಾಲೆಗಳಿದ್ದವು. ವಾಷಿಂಗ್ಟನ್ನಿನ ಹೋವರ್ಡ್, ನ್ಯಾಶ್‌ವಿಲ್‌ನ ಮೆಹಾರಿ ಎರಡನ್ನು ಮಾತ್ರ ಉಳಿಸಿಕೊಳ್ಳಬಹುದೆಂದು ಫ್ಲೆಕ್ಸ್‌ನರ್ ಬರೆದ. 1923ರ ಹೊತ್ತಿಗೆ ಉಳಿದದ್ದು ಆ ಎರಡೇ. ಬಿಳಿಯ ವಿದ್ಯಾರ್ಥಿಯ ಊರಿನ ಶಾಲೆ ಮುಚ್ಚಿದರೆ ಅವನು ಪಕ್ಕದ ರಾಜ್ಯಕ್ಕೆ ಹೋಗಬಹುದಿತ್ತು. ರ‍್ಯಾಲಿಯ ಲೆನಾರ್ಡ್ ಶಾಲೆ 1918ರಲ್ಲಿ ಮುಚ್ಚಿದಾಗ ನಾರ್ತ್ ಕ್ಯಾರೊಲೈನಾದ ಕಪ್ಪು ಹುಡುಗನಿಗೆ ತನ್ನ ರಾಜ್ಯದಲ್ಲಿ ಹೋಗಲು ಬೇರೆ ಜಾಗವಿರಲಿಲ್ಲ. ಆ ವರದಿಯಲ್ಲಿ ಕಪ್ಪು ವೈದ್ಯರು ಬೇಕೆಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಅವರ ಕೇರಿಯ ರೋಗ ಬಿಳಿಯರ ಮನೆಗೂ ಹರಡುತ್ತದೆಂಬುದು. ಹೆಂಗಸರ ಶಾಲೆಗಳ ಗತಿಯೂ ಅದೇ. ಸಹಶಿಕ್ಷಣ ಬಂತಲ್ಲ, ಇನ್ನೇಕೆ ಪ್ರತ್ಯೇಕ ಶಾಲೆ ಎಂದು ಅವು ಒಂದೊಂದಾಗಿ ಮುಚ್ಚಿದವು. ಸ್ವಲ್ಪ ಕಾಲದಲ್ಲೇ ಪೆನ್ಸಿಲ್ವೇನಿಯಾದ್ದೊಂದೇ ಉಳಿಯಿತು. ಸಹಶಿಕ್ಷಣದ ಕಾಲೇಜುಗಳು ಹುಡುಗಿಯರನ್ನು ಕೈಬೆರಳಲ್ಲಿ ಎಣಿಸಿ ತೆಗೆದುಕೊಳ್ಳುವ ರೂಢಿ 1960ರ ದಶಕದವರೆಗೂ ನಡೆಯಿತು. ಗುಣಮಟ್ಟ ಏರಿಸಲು ಶಾಲೆ ಮುಚ್ಚಬೇಕಾಗಿತ್ತೆಂಬುದು ನಿಜ. ಮುಚ್ಚಿದ ಶಾಲೆಯವರಿಗೆ ಬೇರೆಡೆ ಬಾಗಿಲು ತೆರೆಯಬೇಕಾಗಿತ್ತು ಎಂಬುದೂ ಅಷ್ಟೇ ನಿಜ. ಎರಡನೆಯದನ್ನು ಯಾರೂ ಮಾಡಲಿಲ್ಲ.

ಶಾಲೆಗಳು ಅರ್ಧಕ್ಕಿಳಿದ ಮೇಲೆ ಮೊದಲ ಬಾರಿಗೆ ಸೀಟುಗಳಿಗಿಂತ ಅರ್ಜಿದಾರರು ಹೆಚ್ಚಾದರು. ಕಾಲೇಜುಗಳ ಕೈಗೆ ಆರಿಸುವ ಅಧಿಕಾರ ಬಂತು. ಬಂದ ಕೂಡಲೇ ಅವು ಏನು ಮಾಡಿದವೆಂಬುದು ಈ ಇತಿಹಾಸದ ಅತ್ಯಂತ ಕಹಿಯಾದ ಅಧ್ಯಾಯ. ನ್ಯೂಯಾರ್ಕಿನ ವಲಸೆಗಾರ ಯಹೂದಿ ಕುಟುಂಬಗಳ ಮಕ್ಕಳು ಶುಲ್ಕವಿಲ್ಲದ ಸಿಟಿ ಕಾಲೇಜಿನಲ್ಲಿ ಓದಿ ಒಳ್ಳೆಯ ಅಂಕ ಹೊತ್ತು ವೈದ್ಯಶಾಲೆಗಳ ಬಾಗಿಲಿಗೆ ಬಂದರು. ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ 1920ರಲ್ಲಿ ನೂರಕ್ಕೆ 47ರಷ್ಟಿದ್ದ ಯಹೂದಿ ವಿದ್ಯಾರ್ಥಿಗಳು 1940ರ ಹೊತ್ತಿಗೆ ನೂರಕ್ಕೆ 6ಕ್ಕೆ ಇಳಿದರು. ಕಾರ್ನೆಲ್‌ನಲ್ಲಿ 40ರಿಂದ 5ಕ್ಕೆ. ಇಂಥ ಇಳಿತ ಮಕ್ಕಳ ಬುದ್ಧಿ ಮಂಕಾಗಿ ಆಗುವಂಥದ್ದಲ್ಲ. ಅರ್ಜಿ ನಮೂನೆಯಲ್ಲಿ ಧರ್ಮದ ಕಾಲಂ ಬಂತು, ತಂದೆತಾಯಿಯರ ಜನ್ಮಸ್ಥಳದ ಕಾಲಂ ಬಂತು, ಫೋಟೊ ಬಂತು, ನಡೆನುಡಿ ನೋಡಲು ಸಂದರ್ಶನ ಬಂತು. ಇಂದು ಎಲ್ಲ ಕಾಲೇಜುಗಳೂ ಹೆಮ್ಮೆಯಿಂದ ಹೇಳಿಕೊಳ್ಳುವ ಸಮಗ್ರ ಮೌಲ್ಯಮಾಪನದ ಸಲಕರಣೆಗಳಲ್ಲಿ ಕೆಲವು ಆ ಕಾಲದಲ್ಲಿ ಹೊರಗಿಡುವುದಕ್ಕೂ ಬಳಕೆಯಾದವೆಂಬುದನ್ನು ನೆನಪಿಡಬೇಕು. ಮುಂದೆ 1959ರಲ್ಲಿ ನೊಬೆಲ್ ಪಡೆದ ಆರ್ಥರ್ ಕಾರ್ನ್‌ಬರ್ಗ್ ಸಿಟಿ ಕಾಲೇಜಿನ ಹುಡುಗ. ಕೊಲಂಬಿಯಾದಲ್ಲಿ ಆ ಕಾಲೇಜಿನ ಪದವೀಧರನಿಗೆಂದೇ ಮೀಸಲಾಗಿದ್ದ ವಿದ್ಯಾರ್ಥಿವೇತನ, ಪಡೆಯಲು ಯಾರೂ ಪ್ರವೇಶ ಪಡೆಯದೆ ವರ್ಷಗಟ್ಟಲೆ ಹಾಗೇ ಬಿದ್ದಿತ್ತೆಂದು ಅವನು ಬರೆದಿದ್ದಾನೆ. ಅವನಿಗೆ ಬಾಗಿಲು ತೆರೆದದ್ದು ರೋಚೆಸ್ಟರ್.

ಈ ಕಾಲದಲ್ಲೇ ಪಟ್ಟಿ ಉದ್ದವಾಯಿತು ಎಂಬುದು ಕೇವಲ ಊಹೆಯಲ್ಲ. ಇಂಡಿಯಾನಾದ ಡೀನ್ ಬರ್ಟನ್ ಮೈಯರ್ಸ್ 1920ರ ದಶಕದ ಕೊನೆಗೆ ಎಲ್ಲ ಕಾಲೇಜುಗಳಿಂದ ಅರ್ಜಿದಾರರ ಹೆಸರು ತರಿಸಿ, ಒಂದೊಂದೇ ಹೆಸರು ಹೊಂದಿಸಿ ಎಣಿಸಿದ. ಕಂಪ್ಯೂಟರಿಲ್ಲದ ಕಾಲದಲ್ಲಿ ಅದೆಂಥ ಕೂಲಿ ಕೆಲಸ! ಅರ್ಜಿಗಳ ಸಂಖ್ಯೆ ಅರ್ಜಿದಾರರ ಎರಡರಷ್ಟಕ್ಕೂ ಮಿಕ್ಕಿತ್ತು. ಅಂದರೆ ಬಹುಮಂದಿ ಒಂದೇ ಕಾಲೇಜಿಗೆ ಬರೆದು ಸೀಟು ಪಡೆಯುತ್ತಿದ್ದರೆ, ಕೆಲವರು ಹತ್ತಿಪ್ಪತ್ತು ಕಡೆಗೆ ಬರೆಯುತ್ತಿದ್ದರು. ಎಲ್ಲ ಕಡೆ ತಿರಸ್ಕೃತರಾದವರು ಸ್ಕಾಟ್ಲೆಂಡಿನ ಎಡಿನ್‌ಬರೋ, ಗ್ಲಾಸ್ಗೋಗಳಿಗೆ, ಸ್ವಿಟ್ಜರ್ಲೆಂಡಿಗೆ ಹೋದರು. 1930ರ ದಶಕದಲ್ಲಿ ಹೊರದೇಶಕ್ಕೆ ಹೋಗಿ ವೈದ್ಯಕೀಯ ಓದುತ್ತಿದ್ದ ಅಮೆರಿಕನ್ನರಲ್ಲಿ ಬಹುಪಾಲು ಯಹೂದಿಗಳೇ. ಈ ಗೋಡೆಗೆ ಮೊದಲ ಬಿರುಕು ಬಿದ್ದದ್ದು 1948ರಲ್ಲಿ, ಶಿಕ್ಷಣದಲ್ಲಿ ಧರ್ಮ ಮತ್ತು ವರ್ಣದ ತಾರತಮ್ಯವನ್ನು ನಿಷೇಧಿಸುವ ಕಾನೂನನ್ನು ನ್ಯೂಯಾರ್ಕ್ ರಾಜ್ಯ ತಂದಾಗ. 1955ರಲ್ಲಿ ಯಹೂದಿಗಳ ಯಶೀವಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬ್ರಾಂಕ್ಸ್‌ನಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜು ತೆರೆಯಿತು.

ಪರೀಕ್ಷೆಯೊಂದಿದ್ದರೆ ಈ ಅನ್ಯಾಯವೆಲ್ಲ ತಪ್ಪುತ್ತಿತ್ತು ಎಂದು ನಮ್ಮಂಥವರಿಗೆ ತಟ್ಟನೆ ಅನಿಸುತ್ತದೆ. ಆದರೆ ಪರೀಕ್ಷೆ ಇತ್ತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಫ್. ಎ. ಮಾಸ್ 1928ರಲ್ಲೇ ವೈದ್ಯ ವಿದ್ಯಾರ್ಥಿಗಳ ಯೋಗ್ಯತಾ ಪರೀಕ್ಷೆಯೊಂದನ್ನು ರೂಪಿಸಿದ್ದ. ಅದರ ವಂಶದ ಕುಡಿಯೇ ಇಂದಿನ ಎಂಕ್ಯಾಟ್. ಕೆಲವು ಕಾಲೇಜುಗಳಲ್ಲಿ ಸೇರಿದವರ ಅರ್ಧದಷ್ಟು ಮಂದಿ ನಡುವೆಯೇ ಬಿಟ್ಟುಹೋಗುತ್ತಿದ್ದುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು, ಮತ್ತು ಅದು ತಕ್ಕಮಟ್ಟಿಗೆ ತಡೆಯಿತು. ಯಹೂದಿ ಕೋಟಾಗಳು ಬಿಗಿಯಾಗಿದ್ದದ್ದೂ ಅದೇ ಪರೀಕ್ಷೆ ನಡೆಯುತ್ತಿದ್ದ ವರ್ಷಗಳಲ್ಲಿ. ಅಂಕ ಒಂದು ಕಡೆ, ಆಯ್ಕೆ ಇನ್ನೊಂದು ಕಡೆ ಇರುವಾಗ ಪರೀಕ್ಷೆ ಬಡಪಾಯಿ.

ದಕ್ಷಿಣದ ರಾಜ್ಯಗಳ ಕಥೆ ಇನ್ನೂ ನೇರ. ಅಲ್ಲಿ ಕಪ್ಪು ವಿದ್ಯಾರ್ಥಿಯ ಪಟ್ಟಿಯನ್ನು ಸರಕಾರವೇ ಬರೆಯುತ್ತಿತ್ತು. ತನ್ನ ಕಾಲೇಜಿಗೆ ಸೇರಿಸಿಕೊಳ್ಳಬೇಕಾದೀತೆಂದು ಹೆದರಿ, ಬೇರೆ ರಾಜ್ಯದಲ್ಲಿ ಓದಿಕೋ ಎಂದು ದುಡ್ಡು ಕೊಟ್ಟು ಕಳಿಸುವ ಪದ್ಧತಿ ಹಲವು ರಾಜ್ಯಗಳಲ್ಲಿತ್ತು. 1938ರಲ್ಲಿ ಮಿಸ್ಸೂರಿಯ ಕಾನೂನು ಕಾಲೇಜಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದು ಸಾಲದೆಂದಿತು. ಆಗ ಗವರ್ನರುಗಳು ಹತ್ತು ವರ್ಷ ಯೋಚಿಸಿ ಇನ್ನೊಂದು ಉಪಾಯ ಮಾಡಿದರು: 1948ರಲ್ಲಿ ಪ್ರಾದೇಶಿಕ ಒಪ್ಪಂದ ಮಾಡಿಕೊಂಡು, ಹಣದ ಮುಗ್ಗಟ್ಟಿನಲ್ಲಿದ್ದ ಮೆಹಾರಿಯನ್ನು ಎಲ್ಲ ರಾಜ್ಯಗಳ ಕಪ್ಪು ವಿದ್ಯಾರ್ಥಿಗಳಿಗೆ ಸಾಮಾನ್ಯ ಶಾಲೆಯಾಗಿಸುವುದು, ಅಲ್ಲಿ ಸೀಟು ಕೊಳ್ಳುವುದು. ಅದೇ ವರ್ಷ ಈಡಿತ್ ಅರ್ಬಿ ಆರ್ಕಾನ್ಸಾ ವಿಶ್ವವಿದ್ಯಾಲಯದ ವೈದ್ಯಶಾಲೆಗೆ ಸೇರಿದಳು. ದಕ್ಷಿಣದ ಬಿಳಿಯರ ವೈದ್ಯಶಾಲೆಯೊಂದಕ್ಕೆ ಕಾಲಿಟ್ಟ ಮೊದಲ ಕಪ್ಪು ವಿದ್ಯಾರ್ಥಿ ಆಕೆ. ಗೆರೆಯ ಎರಡೂ ಕಡೆಯ ಘಟನೆಗಳು ಒಂದೇ ವರ್ಷದಲ್ಲಿ ಬಿದ್ದದ್ದು ಆ ಕಾಲದ ಎಳೆದಾಟಕ್ಕೆ ತಕ್ಕುದೇ.

ಬಣ್ಣದ, ಧರ್ಮದ ಗೆರೆಗಳು ಕಾನೂನಿನ ಎದುರು ಮಾಸುತ್ತ ಹೋದಾಗ ಇನ್ನೊಂದು ಗೆರೆ ದಪ್ಪವಾಯಿತು. ಅದು ರಾಜ್ಯದ ಗಡಿ. 1963ರ ಒಕ್ಕೂಟದ ಕಾಯಿದೆ ವೈದ್ಯಶಾಲೆ ಕಟ್ಟಲು ಹಣ ಸುರಿಯಿತು, ರಾಜ್ಯಗಳೂ ಪೈಪೋಟಿಯಲ್ಲಿ ಕಟ್ಟಿದವು. 1960ರಲ್ಲಿ 86 ಇದ್ದ ಶಾಲೆಗಳು 1980ಕ್ಕೆ 126 ಆದವು. ನಮ್ಮ ತೆರಿಗೆಯಲ್ಲಿ ಕಟ್ಟಿದ್ದು ನಮ್ಮ ಮಕ್ಕಳಿಗೆ ಎಂಬುದು ಶಾಸನಸಭೆಗಳ ಹಟ. ಟೆಕ್ಸಸ್ ಇದನ್ನು ಕಾನೂನಿನಲ್ಲೇ ಬರೆದಿದೆ: ಸರಕಾರಿ ವೈದ್ಯಶಾಲೆಗಳಲ್ಲಿ ಹೊರರಾಜ್ಯದವರು ನೂರಕ್ಕೆ ಹತ್ತನ್ನು ಮೀರುವಂತಿಲ್ಲ, ಅರ್ಜಿ ಹಾಕುವ ವ್ಯವಸ್ಥೆಯೂ ದೇಶದ ಉಳಿದವುಗಳಿಂದ ಬೇರೆಯೇ. ವೈದ್ಯಶಾಲೆಯೇ ಇಲ್ಲದ ರಾಜ್ಯಗಳು ಬೇರೆಯವರಲ್ಲಿ ಸೀಟು ಖರೀದಿಸಿದವು. ಪುಟ್ಟ ಡೆಲಾವೇರ್ 1969ರಿಂದ ಫಿಲಡೆಲ್ಫಿಯಾದ ಜೆಫರ್ಸನ್ ಕಾಲೇಜಿನಲ್ಲಿ ತನ್ನವರಿಗೆ ಜಾಗ ಕಾದಿಟ್ಟುಕೊಂಡಿದೆ. ಅಲಾಸ್ಕಾ, ಮೊಂಟಾನಾ, ಐಡಹೋ ರಾಜ್ಯಗಳು 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದ ಮಾಡಿಕೊಂಡವು, ವಯೋಮಿಂಗ್ ತಡವಾಗಿ ಸೇರಿತು. ಸಿಯಾಟಲ್‌ನ ಆ ಕಾಲೇಜು ಐಡಹೋದ ರೈತನ ಮಗಳಿಗೆ ಹತ್ತಿರದ್ದು, ನ್ಯೂಜೆರ್ಸಿಯ ಹೆಚ್ಚು ಅಂಕದ ಹುಡುಗನಿಗೆ ಬಹುಮಟ್ಟಿಗೆ ಮುಚ್ಚಿದ್ದು. ಇದರಲ್ಲಿ ತಪ್ಪೇನಿದೆ ಎಂದರೆ ನನಗೆ ದೊಡ್ಡ ತಪ್ಪು ಕಾಣುವುದಿಲ್ಲ. ಊರಿನಲ್ಲಿ ಬೆಳೆದವರೇ ಓದಿ ಊರಿಗೆ ಮರಳುವ ಸಂಭವ ಹೆಚ್ಚು, ಹಳ್ಳಿಗಾಡಿನ ರಾಜ್ಯಕ್ಕೆ ಡಾಕ್ಟರು ಬೇಕು. ನನ್ನ ವಾದಕ್ಕೆ ಬೇಕಾದದ್ದು ಇಷ್ಟೇ: ಒಳ್ಳೆಯ ಗೆರೆಯೂ ಗೆರೆಯೇ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವನು, ಅಲ್ಲಿ ಅರ್ಜಿದಾರರು ಬಹಳ, ಸೀಟು ಕಡಿಮೆ ಎಂಬ ಕಾರಣಕ್ಕೆ ಇಪ್ಪತ್ತೈದು ಕಾಲೇಜಿಗೆ ಬರೆಯುವುದನ್ನೂ, ಸೌತ್ ಡಕೋಟಾದವಳು ಕೆಲವೇ ಕಾಲೇಜಿಗೆ ಬರೆದು ನೆಮ್ಮದಿಯಾಗಿರುವುದನ್ನೂ ಅವರವರ ಜಾಣತನ ಎಂದು ಕರೆಯುವುದು ತಪ್ಪು.

ಉದ್ದದ ಪಟ್ಟಿಗೆ ಹಳೆಯ ಗೆರೆಗಳನ್ನೇಕೆ ದೂರಬೇಕು, ಕಾರಣ ಕಂಪ್ಯೂಟರು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 1970ರ ಸುಮಾರಿಗೆ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಹಂಚುವ ಕೇಂದ್ರೀಯ ಸೇವೆ ಆರಂಭಿಸಿತು. ಒಮ್ಮೆ ಬರೆದರೆ ಸಾಕು, ಮಿಕ್ಕದ್ದು ಗುರುತು ಹಾಕುವ ಕೆಲಸ. ಇಂದು ಮೊದಲ ಕಾಲೇಜಿಗೆ 175 ಡಾಲರ್ ಆಸುಪಾಸು, ನಂತರದ ಪ್ರತಿಯೊಂದಕ್ಕೆ 45 ಡಾಲರ್ ಆಸುಪಾಸು. ಆಮೇಲೆ ಪ್ರತಿ ಕಾಲೇಜಿನ ಎರಡನೆಯ ಅರ್ಜಿಗೆ, ಅದರ ಪ್ರಬಂಧಗಳಿಗೆ ಬೇರೆ ಶುಲ್ಕ, ಬೇರೆ ನಿದ್ದೆಗೇಡು. ಆದರೆ ಈ ಸೇವೆ ಕಾಲಿಟ್ಟ ಹೊತ್ತನ್ನು ಗಮನಿಸಬೇಕು. 1974ರಲ್ಲಿ 42,000ಕ್ಕೂ ಮೀರಿದ ಅರ್ಜಿದಾರರಿಗೆ ಸಿಕ್ಕ ಸೀಟು ಸುಮಾರು 15,000. ಮಹಿಳೆಯರು, ಕಪ್ಪು ವಿದ್ಯಾರ್ಥಿಗಳು ಮೊದಲ ಬಾರಿಗೆ ನಿಜವಾದ ಸಂಖ್ಯೆಯಲ್ಲಿ ಸಾಲಿನಲ್ಲಿ ನಿಂತ ವರ್ಷಗಳು ಅವು. ಯಂತ್ರ ಹೊಸದೊಂದು ಅಭ್ಯಾಸವನ್ನು ಹುಟ್ಟಿಸಲಿಲ್ಲ. 1920ರ ದಶಕದಲ್ಲಿ ಕೆಲವರ ಪಾಲಿನ ಅನಿವಾರ್ಯವಾಗಿದ್ದದ್ದನ್ನು ಎಲ್ಲರಿಗೂ ಅಗ್ಗ ಮಾಡಿತು. ಎಲ್ಲರೂ ಹೆಚ್ಚು ಕಡೆ ಹಾಕಿದಷ್ಟೂ ಪ್ರತಿ ಕಾಲೇಜಿಗೆ ಬಂದು ಬೀಳುವ ರಾಶಿ ಬೆಳೆಯುತ್ತದೆ, ಪ್ರತಿ ಕಾಲೇಜಿನ ಸ್ವೀಕಾರದ ಪ್ರಮಾಣ ಕುಸಿಯುತ್ತದೆ, ಅದನ್ನು ನೋಡಿ ಹೆದರಿದ ಮುಂದಿನ ವರ್ಷದವರು ಇನ್ನೂ ಹೆಚ್ಚು ಕಡೆ ಹಾಕುತ್ತಾರೆ. ಒಟ್ಟು ಅರ್ಜಿದಾರರಲ್ಲಿ ಸೀಟು ಪಡೆಯುವವರ ಪ್ರಮಾಣ ಇದರಿಂದ ಒಂದಿಷ್ಟೂ ಬದಲಾಗುವುದಿಲ್ಲ. ಈಗಲೂ ಹತ್ತಿರಹತ್ತಿರ ಹತ್ತಕ್ಕೆ ನಾಲ್ವರು ಒಳಗೆ ಹೋಗುತ್ತಾರೆ.

ಆ ದಶಕದ ಅತ್ಯಂತ ಪ್ರಸಿದ್ಧ ಅರ್ಜಿದಾರ ಅಲನ್ ಬಾಕ್. ಇಂಜಿನಿಯರಾಗಿದ್ದ ಅವನು 1973ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಇನ್ನು ಹತ್ತು ಕಾಲೇಜುಗಳಿಗೂ ಅರ್ಜಿ ಹಾಕಿ ಎಲ್ಲ ಕಡೆ ಸೋತ. ಡೇವಿಸ್‌ನ 100 ಸೀಟುಗಳಲ್ಲಿ 16 ಅಲ್ಪಸಂಖ್ಯಾತರಿಗೆ ಮೀಸಲೆಂದು ಮೊಕದ್ದಮೆ ಹೂಡಿದ, 1978ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ನಿಗದಿತ ಕೋಟಾ ಕೂಡದು, ಆದರೆ ವರ್ಣವನ್ನು ಒಂದು ಅಂಶವಾಗಿ ನೋಡಬಹುದೆಂದು ಆಗ ಬಂದ ತೀರ್ಪಿನ ಎರಡನೆಯ ಭಾಗವನ್ನು 2023ರಲ್ಲಿ ಅದೇ ನ್ಯಾಯಾಲಯ ಕಿತ್ತುಹಾಕಿತು. ಬಾಕ್‌ನ ಕಥೆಯಲ್ಲಿ ಬಹಳ ಜನ ಮರೆಯುವ ವಿವರವೊಂದಿದೆ. ಅವನಿಗಾಗ 33 ವರ್ಷ, ಅವನ ವಯಸ್ಸನ್ನೇ ಅಡ್ಡಿಯಾಗಿ ಹೇಳಿದ ಕಾಲೇಜುಗಳಿದ್ದವು. ವಯಸ್ಸೂ ಒಂದು ಗೆರೆಯೇ ಆಗಿತ್ತು.

ಇಷ್ಟಕ್ಕೆ ಕನ್ನಡ ಓದುಗರಿಂದ ಬರಬಹುದಾದ ಆಕ್ಷೇಪ ಊಹಿಸುವುದು ಕಷ್ಟವಲ್ಲ. ನಮ್ಮಲ್ಲಿ ನೀಟ್ ಇದೆ, ರ‍್ಯಾಂಕ್ ಇದೆ, ಕೌನ್ಸೆಲಿಂಗ್ ಇದೆ. ಡಾಕ್ಟರಾಗುವವನು ಇಪ್ಪತ್ತು ಪ್ರಬಂಧ ಏಕೆ ಬರೆಯಬೇಕು? ಕ್ಯಾಪಿಟೇಷನ್ ಹಾವಳಿಯ ವಿರುದ್ಧ 1992ರಲ್ಲಿ ಮೋಹಿನಿ ಜೈನ್ ಪ್ರಕರಣ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು, ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದದ್ದು, 1994ರಲ್ಲಿ ಸಿಇಟಿ ಆರಂಭವಾದದ್ದು ಸಣ್ಣ ಸಾಧನೆಗಳಲ್ಲ. ಅಂಕವೂ ಸೀಟೂ ಒಂದೇ ದಾರದಲ್ಲಿ ಕಟ್ಟಿರುವಾಗ ಕೊಲಂಬಿಯಾದಲ್ಲಿ ನಡೆದಂಥದ್ದು ಮುಚ್ಚುಮರೆಯಲ್ಲಿ ನಡೆಯಲಾರದು. ಅಷ್ಟನ್ನು ಒಪ್ಪಿದ ಮೇಲೂ, ಆಪ್ಷನ್ ಎಂಟ್ರಿಯ ಪರದೆಯ ಮುಂದೆ ಕೂತ ನಮ್ಮ ವಿದ್ಯಾರ್ಥಿಯ ಪಟ್ಟಿಯಲ್ಲೂ ಗೆರೆಗಳಿವೆ: ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಅಖಿಲ ಭಾರತ ಕೋಟಾ ನೂರಕ್ಕೆ 15, ಕಲ್ಯಾಣ ಕರ್ನಾಟಕದವರಿಗೆ 371ಜೆ, ಸರಕಾರಿ ಶುಲ್ಕ ಒಂದು, ಖಾಸಗಿ ಶುಲ್ಕ ಇನ್ನೊಂದು, ಮ್ಯಾನೇಜ್‌ಮೆಂಟಿನದು ಮತ್ತೊಂದು. ವ್ಯತ್ಯಾಸವೆಂದರೆ ಅವೆಲ್ಲ ಗೆಜೆಟ್ಟಿನಲ್ಲಿ ಅಚ್ಚಾಗಿವೆ. ಅಮೆರಿಕದ ಗೆರೆಗಳಲ್ಲಿ ಅಚ್ಚಾದವು ಕಡಿಮೆ, ಊಹಿಸಬೇಕಾದವು ಹೆಚ್ಚು. ಸಲಹೆಗಾರರ ಹೊಟ್ಟೆ ತುಂಬುವುದು ಈ ಊಹೆಯ ಜಾಗದಲ್ಲೇ. ಕಾಲೇಜುಗಳ ಸಂಘ ಪ್ರಕಟಿಸುವ ಪ್ರವೇಶ ಕೈಪಿಡಿಯಲ್ಲಿ ಸರಾಸರಿ ಅಂಕಗಳ ಕೋಷ್ಟಕವನ್ನೇ ಮಕ್ಕಳು ಮೊದಲು ನೋಡುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದು, ಎಷ್ಟು ಮಂದಿ ಸ್ವಂತ ರಾಜ್ಯದವರು ಎಂಬ ಸಾಲು.

ಈ ಇತಿಹಾಸಕ್ಕೂ ನಮ್ಮ ನೆಲಕ್ಕೂ ನಂಟು ಬೇರೆ ಕಡೆಯಿಂದಲೂ ಇದೆ. 1965ರ ವಲಸೆ ಕಾಯಿದೆಯ ನಂತರ ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲದ ಪದವೀಧರ ಡಾಕ್ಟರುಗಳು ಅಮೆರಿಕದ ಆಸ್ಪತ್ರೆಗಳಿಗೆ ಹೋದರು. ಅವರ ಮಕ್ಕಳು, ಈಗ ಮೊಮ್ಮಕ್ಕಳು, ಅದೇ ಪಟ್ಟಿಯ ಮುಂದೆ ಕೂತಿದ್ದಾರೆ. ಒಳಗೆ ಜಾಗ ಸಿಗದವರಿಗೆ ಹಳೆಯ ಸ್ಕಾಟ್ಲೆಂಡಿನ ಬದಲು ಕೆರಿಬಿಯನ್ ದ್ವೀಪಗಳಿವೆ. ಗ್ರೆನಡಾದ ಸೇಂಟ್ ಜಾರ್ಜಸ್ 1977ರಲ್ಲಿ ಪಾಠ ಆರಂಭಿಸಿತು. 1983ರಲ್ಲಿ ಅಲ್ಲಿದ್ದ ಸುಮಾರು 600 ಅಮೆರಿಕನ್ ವಿದ್ಯಾರ್ಥಿಗಳ ರಕ್ಷಣೆಯನ್ನು ರೊನಾಲ್ಡ್ ರೇಗನ್ ದ್ವೀಪಕ್ಕೆ ಸೈನ್ಯ ನುಗ್ಗಿಸಲು ಕಾರಣವಾಗಿ ಕೊಟ್ಟ. 1953ರಲ್ಲಿ ಟಿ. ಎಂ. ಎ. ಪೈ ಖಾಸಗಿ ವೈದ್ಯಕೀಯ ಕಾಲೇಜು ಕಟ್ಟಿದ ಮಣಿಪಾಲದ ಸಮೂಹವೇ ಈಗ ಆಂಟಿಗುವಾದಲ್ಲಿ, 2004ರಲ್ಲಿ ಆರಂಭವಾದ ಅಮೆರಿಕನ್ ವಿಶ್ವವಿದ್ಯಾಲಯದ ವೈದ್ಯಶಾಲೆಯನ್ನು ನಡೆಸುತ್ತಿದೆ. ಡೊನೇಷನ್ ಸೀಟಿನ ಪಾಠವನ್ನು ಕರಾವಳಿಯಲ್ಲಿ ಕಲಿತವರು, ಅಮೆರಿಕದ ತಿರಸ್ಕೃತರ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿದ್ದಾರೆ. ಆ ದಾರಿಯಲ್ಲಿ ಓದಿದವರಿಗೆ ಮುಂದೆ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿ, ಸಿಗುವ ಪ್ರಮಾಣ ಅಮೆರಿಕದೊಳಗೆ ಓದಿದವರಿಗಿಂತ ಕಡಿಮೆ ಎಂಬುದನ್ನು ಅರ್ಜಿ ಹಾಕುವ ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಎಂ.ಡಿ.ಗೆ ಸಮಾನಾಂತರ ಪದವಿ ಕೊಡುವ, ಒಂದು ಕಾಲಕ್ಕೆ ವೈದ್ಯ ಸಂಘಗಳು ಹತ್ತಿರ ಸೇರಿಸದಿದ್ದ ಆಸ್ಟಿಯೋಪಥಿ ಕಾಲೇಜುಗಳು ಮಾತ್ರ ಈ ನಡುವೆ ಮುಖ್ಯಬೀದಿಗೆ ಬಂದಿವೆ. ದೇಶದ ವೈದ್ಯ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲುಭಾಗ ಈಗ ಅಲ್ಲಿ.

ಹೊಸ ಗೆರೆಗಳೂ ಬೀಳುತ್ತಿವೆ. 2018ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ತನ್ನ ವೈದ್ಯ ವಿದ್ಯಾರ್ಥಿಗಳೆಲ್ಲರ ಬೋಧನಾ ಶುಲ್ಕ ಮನ್ನಾ ಮಾಡಿತು. ಸಾಲದ ಹೊರೆಗೆ ಹೆದರುವ ಬಡವರ ಮಕ್ಕಳು ಬರಲಿ ಎಂಬುದು ಉದ್ದೇಶ. ಮರುಸಾಲಿನಲ್ಲಿ ಅರ್ಜಿಗಳು ಸುಮಾರು ಅರ್ಧದಷ್ಟು ಏರಿದವು, ಸೀಟುಗಳು ಏರಲಿಲ್ಲ. 2023ರ ಜನವರಿಯಲ್ಲಿ ಹಾರ್ವರ್ಡ್ ವೈದ್ಯಶಾಲೆ ಪತ್ರಿಕೆಯೊಂದರ ರ‍್ಯಾಂಕಿಂಗಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು, ಕೊಲಂಬಿಯಾ ಸೇರಿ ಹಲವು ಕಾಲೇಜುಗಳು ಹಿಂಬಾಲಿಸಿದವು. 2024ರ ಫೆಬ್ರವರಿಯಲ್ಲಿ ರೂತ್ ಗಾಟೆಸ್‌ಮನ್ ಎಂಬ ನಿವೃತ್ತ ಪ್ರಾಧ್ಯಾಪಕಿ ಐನ್‌ಸ್ಟೈನ್ ಕಾಲೇಜಿಗೆ ನೂರು ಕೋಟಿ ಡಾಲರ್ ಕೊಟ್ಟಳು, ಅಲ್ಲೂ ಬೋಧನಾ ಶುಲ್ಕ ಹೋಯಿತು. ಯಹೂದಿಗಳನ್ನು ಬೇರೆಡೆ ಸೇರಿಸಿಕೊಳ್ಳದಿದ್ದ ಕಾಲದ ನೆನಪು ಮಾಸುವ ಮುನ್ನ ಕಟ್ಟಿದ ಬ್ರಾಂಕ್ಸ್‌ನ ಆ ಕಾಲೇಜು ಈಗ ದೇಶದ ಮೂಲೆಮೂಲೆಯ ಪ್ರಿಮೆಡ್‌ಗಳ ಪಟ್ಟಿಯಲ್ಲಿದೆ. ಮೇರಿ ಗ್ಯಾರೆಟ್‌ಳಂತೆ ಈ ದಾನಿಯೂ ಒಂದು ಷರತ್ತು ಹಾಕಿದಳು: ಕಾಲೇಜಿನ ಹೆಸರು ಬದಲಿಸಬಾರದು. ಯಾರನ್ನು ಸೇರಿಸಿಕೊಳ್ಳಬೇಕೆಂಬ ತೀರ್ಮಾನವನ್ನು ಪ್ರವೇಶ ಸಮಿತಿಗೇ ಬಿಟ್ಟಳು.